ಹಿರಿಯರ ಹೇಳಿಕೆಯೇ ದಾಖಲೆ: ನಮ್ಮ ಸಿದ್ದಿ ಮಜರೆ ಕಾಡಿನ ಹಕ್ಕು ಕೇಳಿದ ಬಗೆ

ನಮ್ಮ ಮಜರೆಯಲ್ಲಿ ಸಿಗುವ ಅತ್ಯಂತ ಹಳೆಯ ಕಾಗದವೆಂದರೆ ಒಂದು ರೇಷನ್ ಕಾರ್ಡು. ಅದರ ಹಿಂದಿನದೆಲ್ಲ ಹಿರಿಯರ ಬಾಯಲ್ಲಿ, ಕಾಡೊಳಗೆ ಅವರ ಅಪ್ಪ-ಅಮ್ಮನನ್ನು ಮಣ್ಣು ಮಾಡಿದ ಜಾಗಗಳಲ್ಲಿ ಉಳಿದುಕೊಂಡಿದೆ. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ಯಲ್ಲಾಪುರ ತಾಲ್ಲೂಕಿನ ನಮ್ಮ ಸಿದ್ದಿ ಮಜರೆಯವರು ಸುತ್ತಲಿನ ಕಾಡಿನ ಮೇಲೆ ಸಮುದಾಯದ ಹಕ್ಕು ಕೇಳಿ ಅರ್ಜಿ ಹಾಕಿದ್ದೇವೆ. ಇಂಥ ಅರ್ಜಿಗಳನ್ನು ತೆಗೆದುಕೊಂಡು ಪರಿಶೀಲಿಸುವ ಊರಿನ ಅರಣ್ಯ ಹಕ್ಕು ಸಮಿತಿಗೆ ನಾನೇ ಕಾರ್ಯದರ್ಶಿ. ಹಳಿಯಾಳ, ಅಂಕೋಲಾ, ಮುಂಡಗೋಡದ ಕಡೆಯ ನಮ್ಮವರು 'ನೀವು ಹೇಗೆ ಮಾಡಿದಿರಿ' ಎಂದು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಸಿದ್ದಿಗಳನ್ನು ಹತ್ತಿರದಿಂದ ಕಾಣದವರಿಗೆ ಎರಡು ಮಾತು ಹೇಳಬೇಕು. ನಾವು ಆಫ್ರಿಕದ ಮೂಲದವರು. ಅರಬ್ ವ್ಯಾಪಾರಿಗಳೂ ಪೋರ್ಚುಗೀಸರೂ ಹಡಗಿನಲ್ಲಿ ತುಂಬಿಕೊಂಡು ಬಂದ ಜನರ ಮಕ್ಕಳು, ಮೊಮ್ಮಕ್ಕಳು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಅಲ್ಲಿ ಗುಲಾಮರಾಗಿದ್ದವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಗಡಿ ದಾಟಿ ಘಟ್ಟದ ಕಾಡು ಹೊಕ್ಕರು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನ ನಮ್ಮ ನಂಟು ಬಾಂಟು ಭಾಷೆಗಳನ್ನಾಡುವ ಆಫ್ರಿಕದ ಜನರ ಜೊತೆಗಿದೆ ಎಂದು ತೋರಿಸಿತು. ಹೀಗೆಯೇ ಆಫ್ರಿಕದಿಂದ ಗುಲಾಮನಾಗಿ ಬಂದ ಅಹ್ಮದ್‌ನಗರದ ಮಲಿಕ್ ಅಂಬರ್‌ನ ಹೆಸರು ಚರಿತ್ರೆಯಲ್ಲಿ ಬರುತ್ತದೆ, ಅವನು ಸೇನೆ ಕಟ್ಟಿದವನು, ರಾಜ್ಯ ನಡೆಸಿದವನು. ಕಾಡು ಹೊಕ್ಕವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಯಾವ ಊರಿಂದ ಹಿಡಿದು ತಂದರು, ಯಾವ ಹಡಗು ಎಂದು ನಮ್ಮಲ್ಲಿ ಒಬ್ಬರಿಗೂ ಹೇಳಲಾಗದು.

ಕಾಡು ಸೇರಿದ ಮೇಲೂ ಕಾಗದ ನಮ್ಮ ಪಾಲಿಗೆ ಬರಲಿಲ್ಲ. ನಮ್ಮ ಅಜ್ಜಂದಿರು ಅಡಿಕೆ ತೋಟಗಳಲ್ಲಿ ದುಡಿದರು, ಸಾಲಕ್ಕೆ ಜೀತ ಇದ್ದರು. ನಮ್ಮ ಜಿಲ್ಲೆಯಲ್ಲಿ ತೋಟಕ್ಕೆ ಸೊಪ್ಪಿನ ಬೆಟ್ಟ ಎಂಬ ವ್ಯವಸ್ಥೆಯಿದೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದಿಂದಲೂ ದಾಖಲೆಯಲ್ಲಿದೆ. ಆ ಬೆಟ್ಟದಿಂದ ಸೊಪ್ಪು ಕಡಿದು, ಹೊರೆ ಕಟ್ಟಿ, ತೋಟಕ್ಕೆ ಹೊತ್ತು ಹಾಕಿದವರ ಗುಡಿಸಲು ಎಲ್ಲಿತ್ತು ಎಂಬುದು ಯಾವ ಪಹಣಿಯಲ್ಲೂ ಇಲ್ಲ. ತೋಟದವರ ಮೇಲೆ ನನಗೆ ಸಿಟ್ಟಿಲ್ಲ, ಅವರಲ್ಲಿ ಕೆಲವರು ಈ ಕೆಲಸದಲ್ಲಿ ನಮ್ಮ ಜೊತೆ ನಿಂತಿದ್ದಾರೆ. ಆದರೆ ಒಂದೇ ಬೆಟ್ಟದಲ್ಲಿ ಒಬ್ಬರ ಬದುಕು ದಾಖಲಾಗಿ ಇನ್ನೊಬ್ಬರದು ಗಾಳಿಗೆ ಹೋದದ್ದು ಅನ್ಯಾಯ. ಅದನ್ನು ಅನ್ಯಾಯ ಅಂತಲೇ ಕರೆಯಬೇಕು.

ಕಾನೂನಿನ ದಾರಿ ತೆರೆದದ್ದು ಎರಡು ಹೆಜ್ಜೆಯಲ್ಲಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಯ ನಮ್ಮವರಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಸಿದ್ದಿಯೊಬ್ಬರು ಶಾಸನಸಭೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಎರಡನೆಯ ಹೆಜ್ಜೆ ಕಾಡಲ್ಲಿ ಬದುಕುವವರ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆ. ಪಂಗಡದ ಪಟ್ಟಿಯಲ್ಲಿಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಕಾಡಲ್ಲಿದ್ದದ್ದನ್ನು ತೋರಿಸಬೇಕು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದೇವೆ ಎಂದು ತೋರಿಸಿದರೆ ಸಾಕು. 2003ರ ಹೋರಾಟಕ್ಕೆ ನಮ್ಮ ಹಿರಿಯರು ಬೆಂಗಳೂರು-ದಿಲ್ಲಿ ಅಲೆದದ್ದು ಬರೀ ಸ್ಕಾಲರ್‌ಶಿಪ್ಪಿಗೆ ಅಂತ ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ. ಅದರ ಬೆಲೆ ಈ ಅರ್ಜಿ ಬರೆಯುವಾಗ ಗೊತ್ತಾಯಿತು.

ಮೊದಮೊದಲು ಎಲ್ಲರೂ ನಮೂನೆ 'ಎ' ತುಂಬಿದರು. ಅದು ಮನೆ, ಗದ್ದೆಗೆ ಒಂದೊಂದು ಕುಟುಂಬ ಹಾಕುವ ಅರ್ಜಿ, ಹೆಚ್ಚೆಂದರೆ ನಾಲ್ಕು ಹೆಕ್ಟೇರು. ಕೆಲವರಿಗೆ ಹಕ್ಕುಪತ್ರ ಬಂತು, ಹಲವರದ್ದು ಕಾರಣ ಹೇಳದೆ ತಿರಸ್ಕೃತವಾಯಿತು. 2019ರ ಫೆಬ್ರವರಿ 13ರಂದು ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಾಗ ನಮ್ಮಲ್ಲಿ ರಾತ್ರಿ ನಿದ್ದೆಯಿರಲಿಲ್ಲ. ಅದೇ ತಿಂಗಳ 28ಕ್ಕೆ ಕೋರ್ಟೇ ಆ ಆದೇಶವನ್ನು ತಡೆಹಿಡಿಯಿತು. ಆ ಎರಡು ವಾರದಲ್ಲಿ ಒಂದು ಮಾತು ಎಲ್ಲರಿಗೂ ಮನವರಿಕೆಯಾಯಿತು: ಒಬ್ಬೊಬ್ಬರೇ ತುಂಡು ಜಾಗ ಕೇಳುತ್ತಾ ಹೋದರೆ ಒಬ್ಬೊಬ್ಬರನ್ನೇ ಎಬ್ಬಿಸುವುದೂ ಸುಲಭ. ಅಲ್ಲದೆ ನಾವು ಬದುಕುವುದು ಮನೆಯಡಿಯ ಗುಂಟೆಗಳಿಂದಲ್ಲ. ಉಪ್ಪಾಗೆ (ಸಿಪ್ಪೆ ಒಣಗಿಸಿ ಹುಳಿಗೆ ಬಳಸುವ ಕಾಡುಹಣ್ಣು), ಮುರುಗಲು, ಅಂಟುವಾಳ, ಸೀಗೆ, ಜೇನು, ಬೆತ್ತ, ಮನೆಗೆ ಬೇಕಾದ ಬಿದಿರು ಇವೆಲ್ಲ ಬೆಟ್ಟದ್ದು. ಕಾಯ್ದೆಯ ನಮೂನೆ 'ಸಿ' ಇರುವುದೇ ಅದಕ್ಕೆ. ಊರಿನವರು ಹಿಂದಿನಿಂದ ಬಳಸಿ ಕಾಪಾಡಿಕೊಂಡು ಬಂದ ಇಡೀ ಕಾಡನ್ನು ಗ್ರಾಮಸಭೆಯೇ ನೋಡಿಕೊಳ್ಳುವ, ನಿರ್ವಹಿಸುವ ಹಕ್ಕು ಅದು. 2012ರಲ್ಲಿ ನಿಯಮ ತಿದ್ದಿದಾಗ ಈ ನಮೂನೆ ಬಂತು. ನಮಗೆ ಇದರ ಸುದ್ದಿ ಮುಟ್ಟಿದ್ದು ಬಹಳ ತಡವಾಗಿ.

ಸಮಿತಿ ಮಾಡುವುದೇ ಮೊದಲ ತೊಡಕು. ಪಂಚಾಯಿತಿ ಮಟ್ಟದಲ್ಲಿ ಒಂದು ಅರಣ್ಯ ಹಕ್ಕು ಸಮಿತಿ ಹೆಸರಿಗಿತ್ತು. ಅದರಲ್ಲಿ ನಮ್ಮ ಮಜರೆಯ ಒಬ್ಬರೂ ಇರಲಿಲ್ಲ. ಮಜರೆಗೇ ಪ್ರತ್ಯೇಕ ಗ್ರಾಮಸಭೆ ಕರೆಯಲು ನಿಯಮದಲ್ಲಿ ಅವಕಾಶವಿದೆ ಎಂದು ಅರ್ಜಿ ಕೊಟ್ಟೆವು, ಮತ್ತೆ ಮತ್ತೆ ಕೊಟ್ಟೆವು. ಕೊನೆಗೆ ಸಭೆ ಕರೆದರು. ಸಮಿತಿಯಲ್ಲಿ ಹತ್ತರಿಂದ ಹದಿನೈದು ಜನ ಇರಬೇಕು, ಮೂರನೇ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರನೇ ಒಂದು ಪಾಲು ಹೆಂಗಸರು. ಹೆಂಗಸರನ್ನು ಹುಡುಕುವ ಕಷ್ಟ ನಮಗೆ ಬರಲಿಲ್ಲ. ಬೆಟ್ಟ ಯಾರಿಗೆ ಚೆನ್ನಾಗಿ ಗೊತ್ತು ಎಂದು ಕೇಳಿದರೆ ಎದ್ದು ನಿಲ್ಲುವವರು ಅವರೇ.

ಇನ್ನು ಸಾಕ್ಷ್ಯದ ಮಾತು. ಇಲ್ಲಿ ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ.

ಕಚೇರಿಗೆ ಹೋದರೆ ಮೊದಲ ಪ್ರಶ್ನೆ, 'ದಾಖಲೆ ಎಲ್ಲಿ?' ಅವರ ಲೆಕ್ಕದಲ್ಲಿ ದಾಖಲೆಯೆಂದರೆ ಸೀಲು ಬಿದ್ದ ಕಾಗದ. ಆದರೆ ಕಾಯ್ದೆಯ 13ನೇ ನಿಯಮ ಓದಿ ನೋಡಿ. ಸರ್ಕಾರಿ ಕಾಗದಗಳ ಪಟ್ಟಿಯ ಜೊತೆಗೆ ಅಲ್ಲಿ ಬಾವಿ, ಮಣ್ಣು ಮಾಡಿದ ಜಾಗ, ದೇವರ ಜಾಗ ಸಾಕ್ಷ್ಯ ಎಂದು ಬರೆದಿದೆ. ವಂಶವೃಕ್ಷವನ್ನೂ ಸಾಕ್ಷ್ಯವಾಗಿ ಕೊಡಬಹುದು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಇಂಥದ್ದೇ ಕಾಗದ ಬೇಕೆಂದು ಉಪವಿಭಾಗ, ಜಿಲ್ಲಾ ಮಟ್ಟದ ಮೇಲಿನ ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ ಎಂದೂ ನಿಯಮವಿದೆ. ಮೊದಲ ಸಲ ಇದನ್ನು ಓದಿದಾಗ ನನ್ನ ಮೈ ಬಿಸಿಯಾಯಿತು. ನಮ್ಮಜ್ಜಿ ಆಡುವ ಮಾತಿಗೆ ದೇಶದ ಕಾನೂನಿನಲ್ಲಿ ಒಂದು ಸಾಲು ಮೀಸಲಿದೆ!

ಹಿರಿಯರ ಹೇಳಿಕೆ ಬರೆದುಕೊಳ್ಳಲು ನಾವು ಮನೆಮನೆಗೆ ಹೋಗಲಿಲ್ಲ. ಅಂಗನವಾಡಿ ಪಕ್ಕದ ಚಪ್ಪರದಲ್ಲಿ ಎಲ್ಲರನ್ನೂ ಕೂರಿಸಿ, ಒಬ್ಬರು ಹೇಳುವಾಗ ಉಳಿದವರು ಕೇಳುವಂತೆ ಮಾಡಿದೆವು. ಇದು ತುಂಬಾ ಒಳ್ಳೆಯದಾಯಿತು. ನಮ್ಮ ಓಣಿಯ ಹಿರಿಯಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ಕೊಂಕಣಿಯಲ್ಲಿ ಹೇಳುತ್ತಾ ಹೋದಳು, ನಾನು ಕನ್ನಡದಲ್ಲಿ ಬರೆಯುತ್ತಾ ಹೋದೆ. ಅವಳ ಅತ್ತೆ ಅಂಕೋಲಾ ಕಡೆಯಿಂದ ಘಟ್ಟ ಹತ್ತಿ ಬಂದವಳು. ಬರುವಾಗ ಬೆನ್ನಿಗೆ ಕೂಸು, ತಲೆಮೇಲೆ ಒಂದು ಗಡಿಗೆ. ಗಡಿಗೆಯೊಳಗೆ ಹಿರಿಯರ ತೆಂಗಿನಕಾಯಿ. ನಮ್ಮಲ್ಲಿ ಸತ್ತವರನ್ನು ಮನೆಯ ಮೂಲೆಯಲ್ಲಿ ಕಾಯಿಯಿಟ್ಟು ನೆನೆಯುತ್ತೇವೆ, 'ಹಿರಿಯರು' ಎಂದೇ ಕರೆಯುತ್ತೇವೆ. ಓಡಿಬರುವವಳು ಅಕ್ಕಿ ಬಿಟ್ಟು ಕಾಯಿ ತಂದಿದ್ದಳು.

ಅಜ್ಜಿ ನಡುವೆ ನಿಲ್ಲಿಸಿ ಕೇಳಿದಳು, 'ಇದನ್ನೂ ಬರಿತ್ಯನೇ ಮಗಾ? ಕಾಯಿ ವಿಷಯ ಸಾಹೇಬರಿಗೆ ಯಾಕೆ?'

'ಬರೀತೆ ಅಜ್ಜಿ, ಎಲ್ಲಾ ಹೇಳು,' ಅಂದೆ.

ಆಮೇಲೆ ಅವಳು ಹೇಳಿದ್ದು ನಮ್ಮ ಅರ್ಜಿಯ ಬೆನ್ನೆಲುಬಾಯಿತು. ಅತ್ತೆಯನ್ನು ಮಣ್ಣು ಮಾಡಿದ್ದು ಹಳ್ಳದ ಆಚೆ ದಂಡೆಯ ಮತ್ತಿ ಮರದ ಬುಡದಲ್ಲಿ, ತಲೆ ಕಡೆ ಎರಡು ಕಲ್ಲು. ಮೈದುನ ಜೇನು ತೆಗೆಯಲು ಹೋಗಿ ಬಿದ್ದು ಸತ್ತದ್ದು ಯಾವ ಮರದಿಂದ. ಬಾವಿ ತೋಡಿದ ಬೇಸಿಗೆಯಲ್ಲಿ ಯಾವ ಯಾವ ಮನೆಯವರು ಮಣ್ಣು ಹೊತ್ತರು. ಹೇಳಿದ್ದನ್ನೆಲ್ಲ ಕೊಂಕಣಿಯಲ್ಲಿ ತಿರುಗಿ ಓದಿಹೇಳಿದೆ. ಒಂದು ಕಡೆ 'ಹಳ್ಳದ ಈಚೆ' ಅಂತ ಕೇಳಿಸಿತೋ ಏನೋ, ತಕ್ಷಣ ತಡೆದು 'ಆಚೆ, ಆಚೆ' ಎಂದು ಕೈ ಮಾಡಿ ತೋರಿಸಿ, ಸರಿಯಾದ ಮೇಲೆಯೇ ಹೆಬ್ಬೆಟ್ಟು ಒತ್ತಿದಳು. ಮಸಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟರೆ ಬೇಡವೆಂದಳು, ಆ ಬೆರಳನ್ನು ಸಂಜೆವರೆಗೂ ಹಾಗೇ ಎತ್ತಿ ಹಿಡಿದುಕೊಂಡು ಓಡಾಡಿದಳು.

ವಂಶವೃಕ್ಷ ಬರೆಯುವಾಗ ಯಾರೂ ಎಣಿಸದ ಒಂದು ಸಂಗತಿ ಹೊರಬಿತ್ತು. ನಮ್ಮ ಮಜರೆಯಲ್ಲಿ ಹಿಂದೂ ಸಿದ್ದಿಗಳೂ ಕ್ರೈಸ್ತ ಸಿದ್ದಿಗಳೂ ಇದ್ದಾರೆ, ಮೇಲಿನ ಓಣಿಯಲ್ಲಿ ಒಂದೆರಡು ಮುಸ್ಲಿಂ ಮನೆಗಳೂ ಇವೆ. ನಮ್ಮ ದೇವರು ಸಿದ್ದಿ ನಾಸ್‌ನ ಪೂಜೆಗೆ, ಡೋಲು ಬಾರಿಸಿ ಕುಣಿಯುವ ಡಮಾಮಿ ಕುಣಿತಕ್ಕೆ ಒಟ್ಟಿಗೆ ಸೇರಿದರೂ ಸಂಘ ಬೇರೆ, ಚುನಾವಣೆ ಬಂದಾಗ ಗುಂಪು ಬೇರೆ. ದೊಡ್ಡ ಚಾರ್ಟ್ ಹಾಳೆಯ ಮೇಲೆ ಒಂದೊಂದೇ ಮನೆತನ ಬರೆಯುತ್ತಾ ಮೇಲಕ್ಕೆ ಹೋದಂತೆ, ಎರಡು ಓಣಿಯ ಹಿರಿಯರೂ ಒಬ್ಬಳೇ ಮುತ್ತಜ್ಜಿಯನ್ನು ಹೆಸರಿಸಿದರು. ಅವಳ ಒಬ್ಬ ಮಗನ ಸಂತಾನ ಇಗರ್ಜಿಗೆ ಹೋಗುತ್ತದೆ, ಇನ್ನೊಬ್ಬ ಮಗನದು ದೇವಸ್ಥಾನಕ್ಕೆ. ಚಪ್ಪರದಲ್ಲಿ ಗಲಾಟೆಯೇ ಎದ್ದಿತು. 'ಹಾಗಾದ್ರೆ ನೀನು ನನಗೆ ಮಾವ ಆಗ್ಬೇಕು' ಎಂದು ಒಬ್ಬ, 'ಇಷ್ಟು ವರ್ಷ ಹೆಸರು ಹಿಡಿದು ಕರೆದ್ಯಲ್ಲೋ' ಎಂದು ಇನ್ನೊಬ್ಬ. ಅವತ್ತಿನಿಂದ ಅವರಿಬ್ಬರ ನಡುವೆ ಮಾವ-ಅಳಿಯನ ಸಲಿಗೆ ಬೆಳೆದಿದೆ. ಅರ್ಜಿ ಗೆಲ್ಲಲಿ ಬಿಡಲಿ, ಇಷ್ಟಂತೂ ನಮಗೆ ದಕ್ಕಿತು.

ಗಡಿ ನಡೆಯುವ ಕೆಲಸ ಬೇಸಿಗೆಯಲ್ಲಿ ಮಾಡಿದೆವು. ಸ್ಥಳ ಪರಿಶೀಲನೆಗೆ ಮುಂಚೆ ಅರಣ್ಯ ಇಲಾಖೆಗೆ, ಕಂದಾಯ ಇಲಾಖೆಗೆ ಲಿಖಿತ ತಿಳಿವಳಿಕೆ ಕೊಡಬೇಕು, ಅದರ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಂದ ಗಾರ್ಡ್ ನಮ್ಮ ಕಡೆಯ ಚಿಕ್ಕ ಹುಡುಗ, ಮೊಬೈಲಿನಲ್ಲಿ ಜಿಪಿಎಸ್ ಗುರುತು ಹಾಕುವುದನ್ನು ನಮ್ಮ ಕಾಲೇಜು ಮಕ್ಕಳಿಗೆ ಅವನೇ ಕಲಿಸಿಕೊಟ್ಟ. 'ಅಕ್ಕಾ, ನಮ್ಮ ನಕ್ಷೆಯಲ್ಲಿ ಇಲ್ಲಿ ಬರೀ ಹಸಿರು ಬಣ್ಣ ಇದೆ, ನಿಮಗೆ ಹೆಜ್ಜೆ ಹೆಜ್ಜೆಗೂ ಒಂದು ಹೆಸರಿದೆ' ಅಂದ. ಹೆಜ್ಜೇನು ಕಟ್ಟುವ ಮರಗಳ ಇಳಿಜಾರು, ಬೆತ್ತದ ಹಕ್ಕಲು, ಬೇಸಿಗೆಯಲ್ಲೂ ಬತ್ತದ ಒರತೆ, ಎರಡು ಕಲ್ಲಿನ ಮತ್ತಿ ಮರ. ಎಲ್ಲ ಗುರುತಿಸಿ ಫೋಟೋ ತೆಗೆದೆವು. ಮತ್ತಿ ಮರ ಬಿದ್ದು ಬಹಳ ಕಾಲವಾಗಿತ್ತು, ಬೊಡ್ಡೆ ಮಾತ್ರ ಉಳಿದಿತ್ತು. ತರಗೆಲೆ ಸರಿಸಿದರೆ ಕಲ್ಲು ಎರಡೂ ಇದ್ದವು, ಅಜ್ಜಿ ಹೇಳಿದಂತೆ ಹಳ್ಳದ ಆಚೆಯೇ.

ಪೂರ್ವದ ಇಳಿಜಾರಿನಲ್ಲಿ ಗೌಳಿಗರ ಹಿರಿಯರೊಬ್ಬರು ನಮ್ಮನ್ನು ತಡೆದರು. ಮಳೆ ಕಳೆದ ಮೇಲೆ ಅವರ ಎಮ್ಮೆಗಳು ಮೇಯುವುದು ಅಲ್ಲಿಯೇ. 'ತಂಗಿ, ನೀವು ಬರಕೊಂಡ್ರೆ ನಾಳೆ ನಮ್ಮ ಎಮ್ಮೆಗೆ ಬೇಲಿ ಹಾಕ್ತೀರಿ' ಅಂದರು. ಅವರ ಹೆದರಿಕೆ ನ್ಯಾಯವಾದದ್ದು. ನಮ್ಮನ್ನು ಕಾಗದದಿಂದ ಹೊರಗಿಟ್ಟವರ ಹಾಗೆಯೇ ನಾವು ಇನ್ನೊಬ್ಬರನ್ನು ಹೊರಗಿಟ್ಟರೆ ಈ ಕೆಲಸಕ್ಕೆ ಅರ್ಥವೇ ಇಲ್ಲ. ಅಕ್ಕಪಕ್ಕದ ಗ್ರಾಮಸಭೆಗಳ ಹಕ್ಕು ಒಂದರ ಮೇಲೊಂದು ಬಂದರೆ ಎರಡೂ ಸಮಿತಿಗಳು ಒಟ್ಟಿಗೆ ಕೂತು ಬಗೆಹರಿಸಿಕೊಳ್ಳಬೇಕೆಂದು ನಿಯಮ ಹೇಳುತ್ತದೆ. ಕೂತೆವು. ಆ ಇಳಿಜಾರಿನಲ್ಲಿ ಮೇವು ಅವರದು, ಉಪ್ಪಾಗೆ-ಅಂಟುವಾಳ ಇಬ್ಬರದೂ, ಬೆಂಕಿ ಬಿದ್ದರೆ ಆರಿಸುವುದು ಇಬ್ಬರ ಹೊಣೆ ಎಂದು ಬರೆದು ಎರಡೂ ಕಡೆಯವರು ಸಹಿ ಹಾಕಿದೆವು. ಇಡೀ ಕಡತದಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಈ ಒಂದು ಪುಟದ ಮೇಲೆ.

ಈ ನಡುವೆ ಶಿರಸಿಯಲ್ಲಿ ನಡೆದ ಒಂದು ತರಬೇತಿಯಲ್ಲಿ ದೂರದ ದೇಶಗಳ ಸಂಗತಿ ಕೇಳಿದೆ. ನಮ್ಮ ಹಾಗೆಯೇ ಆಫ್ರಿಕದಿಂದ ಹಿಡಿದೊಯ್ದ ಜನ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿ ಊರು ಕಟ್ಟಿಕೊಂಡದ್ದು ಅಮೆರಿಕ ಖಂಡದಲ್ಲೂ ನಡೆದಿದೆ. ಬ್ರೆಜಿಲಿನಲ್ಲಿ ಅಂಥ ಊರುಗಳಿಗೆ ಕಿಲೊಂಬೊ ಎನ್ನುತ್ತಾರೆ. 1988ರ ಅವರ ಸಂವಿಧಾನ ಆ ಊರಿನವರಿಗೆ ಅವರಿರುವ ನೆಲದ ಹಕ್ಕುಪತ್ರ ಕೊಡಬೇಕೆಂದು ಹೇಳಿತು. ಕೊಲಂಬಿಯದಲ್ಲಿ 1993ರ 70ನೇ ಕಾನೂನು ಕರಿಯ ಸಮುದಾಯಗಳಿಗೆ ಸಾಮೂಹಿಕ ಒಡೆತನ ಕೊಟ್ಟಿತು. ಸುರಿನಾಮಿನ ಸರಮಾಕ ಜನ ತಮ್ಮ ಕಾಡಿನಲ್ಲಿ ಮರ ಕಡಿಯಲು ಕಂಪನಿಗಳಿಗೆ ಅನುಮತಿ ಕೊಟ್ಟ ಸರ್ಕಾರದ ವಿರುದ್ಧ ಅಮೆರಿಕ ಖಂಡದ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಗಿ 2007ರಲ್ಲಿ ಗೆದ್ದರು. ತಮ್ಮ ನೆಲದ ಮೇಲೆ ಏನು ನಡೆಯಬೇಕಾದರೂ ಮೊದಲು ತಮ್ಮನ್ನು ಕೇಳಬೇಕು ಎಂಬುದು ಅವರ ವಾದವಾಗಿತ್ತು.

ಊರಿಗೆ ಬಂದು ಚಪ್ಪರದಲ್ಲಿ ಇದನ್ನು ಹೇಳಿದೆ. ಅಲ್ಲಿಯವರೆಗೆ ಆಫ್ರಿಕ ಎಂದರೆ ನಮ್ಮ ಹುಡುಗರಿಗೆ ಬೆಂಗಳೂರಿನ ಬಸ್ಸಿನಲ್ಲಿ ಯಾರೋ ಪಾಸ್‌ಪೋರ್ಟ್ ಕೇಳಿದ ಅವಮಾನ. ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆಚ್ಚಿ ನೋಡುತ್ತಾರೆ. ಅವತ್ತು ಗೋವೆಯ ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ರಜೆಗೆ ಬಂದಿದ್ದ. ಸರಮಾಕ ಜನರ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ. 'ಇವ ನಮ್ಮ ದೊಡ್ಡಪ್ಪನ ಹಾಗೇ ಇದ್ದಾನಲ್ಲೆ ಅಕ್ಕಾ' ಅಂದ. ಆಮೇಲೆ ನಕ್ಷೆಯ ಕೆಲಸಕ್ಕೆ ಅವನೇ ಮುಂದೆ ನಿಂತ. ಎಲ್ಲಿಂದ ಬಂದೆವು ಎಂಬುದಕ್ಕೆ ಊರಿನ ಹೆಸರು ನಮಗೆ ಇನ್ನು ಸಿಗಲಾರದು. ಆದರೆ ನಮ್ಮಂಥ ಜನ ಏನು ಮಾಡಬಲ್ಲರು ಎಂಬುದು ಕಣ್ಣೆದುರಿಗಿತ್ತು.

ಗ್ರಾಮಸಭೆಗೆ ಅರ್ಧದಷ್ಟಾದರೂ ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಡಮಾಮಿ ಬಾರಿಸಿ ಕರೆದೆವು, ಕೋರಂಗೆ ಯೋಚಿಸಬೇಕಾಗಲೇ ಇಲ್ಲ. ವಿರೋಧವೂ ಬಂತು. 'ಸುಮ್ಮನಿದ್ರೆ ಯಾರೂ ನೋಡೂದಿಲ್ಲ, ಅರ್ಜಿ ಕೊಟ್ರೆ ಇದ್ದದ್ದೂ ಹೋಗ್ತದೆ' ಎಂದು ಒಬ್ಬ ಹಿರಿಯರು ಪಟ್ಟು ಹಿಡಿದರು. ಸುಮ್ಮನಿದ್ದೇ ಬದುಕುಳಿದ ಜನ ನಾವು, ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಅವರಿಗೆ ಉತ್ತರ ಕೊಟ್ಟದ್ದು ನಾನಲ್ಲ, ಹೆಬ್ಬೆಟ್ಟು ಒತ್ತಿದ ಅಜ್ಜಿ. 'ನನ್ನ ಅತ್ತೆ ಇರುವ ಜಾಗ ಬರೆದಾಯ್ತು. ಇನ್ನು ಅಡಗಿ ಕೂರೂದು ಯಾಕೆ?' ಎಂದಳು. ನಿರ್ಣಯ ಓದಿದೆ, ಕೈ ಎತ್ತಿದರು, ಸಹಿ-ಹೆಬ್ಬೆಟ್ಟು ತೆಗೆದುಕೊಂಡೆವು.

ಕಡತ ಉಪವಿಭಾಗ ಮಟ್ಟದ ಸಮಿತಿಗೆ ಹೋದದ್ದು, 'ಹಳೆಯ ಸರ್ಕಾರಿ ದಾಖಲೆ ಲಗತ್ತಿಸಿಲ್ಲ' ಎಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ವಾಪಸು ಬಂದದ್ದು, ನಾವು 13ನೇ ನಿಯಮವನ್ನು ಪೂರ್ತಿ ಬರೆದು ಮತ್ತೆ ಕಳಿಸಿದ್ದು, ಇದನ್ನೆಲ್ಲ ಉದ್ದ ಮಾಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಬಾಯಿಮಾತಿನ 'ಆಗೂದಿಲ್ಲ' ಒಪ್ಪಿಕೊಳ್ಳಬೇಡಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕು, ಅದು ಕೈಸೇರಿದ ಮೇಲೆ ಮೇಲ್ಮನವಿಗೆ 60 ದಿನ ಸಮಯವಿದೆ. ಈಗ ನಮ್ಮ ಕಡತ ಜಿಲ್ಲಾ ಮಟ್ಟದ ಸಮಿತಿಯ ಮುಂದಿದೆ. ಹಕ್ಕುಪತ್ರ ಬಂದಿಲ್ಲ.

ಬರುವವರೆಗೆ ಕೈಕಟ್ಟಿ ಕೂರುವ ಮನಸ್ಸು ಯಾರಿಗೂ ಇಲ್ಲ. ಕಾಡು ನೋಡಿಕೊಳ್ಳುವ ಸಮಿತಿಯನ್ನು ಗ್ರಾಮಸಭೆ ಆಗಲೇ ಮಾಡಿದೆ. ಉಪ್ಪಾಗೆ ವಿಷಯವೇ ಮೊದಲು ಬಂತು. ಮಳೆಗಾಲದಲ್ಲಿ ದರ ಏರಿದಾಗ ಹೊರಗಿನವರು ಬಂದು ಎಳೆಗಾಯಿ ಉದುರಿಸಿ, ಕೊಂಬೆ ಸಮೇತ ಕಡಿದೊಯ್ಯುತ್ತಿದ್ದರು, ಅವರನ್ನು ನೋಡಿ ನಮ್ಮವರೂ ಅವಸರಕ್ಕೆ ಬೀಳುತ್ತಿದ್ದರು. ಈಗ ಹಣ್ಣಾದದ್ದನ್ನೇ ಕೊಯ್ಯಬೇಕು, ಸಭೆ ಗೊತ್ತು ಮಾಡಿದ ದಿನಕ್ಕೆ ಮೊದಲು ಯಾರೂ ಹತ್ತಬಾರದು ಎಂದು ಕಟ್ಟು ಮಾಡಿದ್ದೇವೆ. ಸಿಪ್ಪೆ ಒಣಗಿಸಲು ಹಗಲೂ ರಾತ್ರಿ ಬೆಂಕಿ ಬೇಕು, ಮನೆಗೊಂದು ಒಲೆ ಎಂದರೆ ಕಟ್ಟಿಗೆಗೆ ಲೆಕ್ಕವಿಲ್ಲ. ಹಾಗಾಗಿ ಓಣಿಗೊಂದು ಅಟ್ಟ ಹಾಕಿ ಒಟ್ಟಿಗೆ ಒಣಗಿಸುತ್ತಿದ್ದೇವೆ. ಮೇಲಿನ ಓಣಿ, ಕೆಳಗಿನ ಓಣಿ ಪಾಳಿ ಹಾಕಿಕೊಂಡು ಬೆಂಕಿ ಕಾಯುತ್ತಾರೆ. ಮಾರಿದ ಹಣದಲ್ಲಿ ಒಂದು ಪಾಲು ಸಮಿತಿಗೆ ಬರುತ್ತದೆ, ಬೇಸಿಗೆಯಲ್ಲಿ ಕಾಡ್ಗಿಚ್ಚು ಹರಡದಂತೆ ಬೆಂಕಿರೇಖೆ ತೆಗೆಯುವವರಿಗೆ ಕೂಲಿ ಅದರಲ್ಲೇ ಹೊರಡಬೇಕೆಂಬುದು ಲೆಕ್ಕಾಚಾರ. ಜೇನಿನ ಹಂಚಿಕೆ ಮಾತ್ರ ಇನ್ನೂ ಬಗೆಹರಿದಿಲ್ಲ. ಮರ ಹತ್ತುವವರು ಕಡಿಮೆಯಾಗಿದ್ದಾರೆ, ಹತ್ತುವವರಿಗೆ ಎಷ್ಟು ಪಾಲು ಎಂಬುದರ ಮೇಲೆ ಕಳೆದ ಸಭೆ ಜಗಳದಲ್ಲೇ ಮುಗಿಯಿತು. ಮಳೆ ನಿಂತ ಮೇಲೆ ಮತ್ತೆ ಕೂರುತ್ತೇವೆ.

ಬೇರೆ ಮಜರೆಯವರು ಆ ಸಭೆಗೆ ಬರಬಹುದು. ನಮ್ಮ ಹಿರಿಯರ ಹೇಳಿಕೆಗಳ ನಕಲು, ವಂಶವೃಕ್ಷದ ಹಾಳೆ, ಗೌಳಿಗರ ಜೊತೆಗಿನ ಒಪ್ಪಂದದ ಪ್ರತಿ ಎಲ್ಲ ಇಟ್ಟಿರುತ್ತೇವೆ. ಬರುವಾಗ ನಿಮ್ಮಲ್ಲಿ ಹೆಚ್ಚು ವಯಸ್ಸಾದವರೊಬ್ಬರನ್ನು ಕರೆದುಕೊಂಡು ಬನ್ನಿ, ಅವರು ಇರುವಾಗಲೇ ಬರೆದುಕೊಳ್ಳುವ ಕೆಲಸ ಶುರುವಾಗಲಿ.